ಬಲಗಾಳಿ

ಸತ್ತೇಗಾಲದ ಶಿವನಂಜಯ್ಯನಿಗೆ ಹಾಯಿದೋಣಿ ನಡೆಸುವುದನ್ನು ಕಲಿಸಿದವರು ಇಂಜಿನಿಯರ್ ಸದಾಶಿವಪ್ಪನವರು. ಅವರು ಕಾವೇರಿಯ ಪಾಲಾಗಿ ಎಂಟು ವರ್ಷವಾದರೂ ಆ ದಿನ ನದಿಯ ಮೇಲೆ ನಿಜವಾಗಿ ನಡೆದದ್ದೇನೆಂದು ಶಿವನಂಜಯ್ಯ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಚೆಲುವಮ್ಮನಿಗೂ ಹೇಳಿರಲಿಲ್ಲ.

ಸದಾಶಿವಪ್ಪನವರದು ಊರಿನ ದೊಡ್ಡ ಮನೆ. ಗದ್ದೆ, ಕಬ್ಬು, ಹೊಳೆಯ ನಡುಗಡ್ಡೆಯಲ್ಲಿ ತೆಂಗಿನ ತೋಟ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಮದ್ರಾಸು ಪಟ್ಟಣಕ್ಕೇ ಹೋಗಿ ಓದಿ, ಅಲ್ಲೇ ಸರ್ಕಾರಿ ಕೆಲಸ ಹಿಡಿದಿದ್ದರು. ಐವತ್ತಾರರಲ್ಲಿ ತಾಲ್ಲೂಕು ಮೈಸೂರಿಗೆ ಬಂತು. ಮರುವರ್ಷ ಅವರೂ ಊರಿಗೆ ಬಂದರು. ಅವರ ಸಾಮಾನು ತಂದ ಲಾರಿಯ ನೆತ್ತಿಯ ಮೇಲೆ ಒಂದು ದೋಣಿಯನ್ನು ಮಗುಚಿ ಕಟ್ಟಿತ್ತು. ಹದಿನೈದೂವರೆ ಅಡಿ ಉದ್ದ, ಚೂಪು ಮೂತಿ, ಬಿಳಿ ಬಣ್ಣ. ಹರಿಗೋಲು ಬಿಟ್ಟು ಬೇರೇನೂ ಕಾಣದ ಜನ ಅದರ ಸುತ್ತ ಸುತ್ತಿ ನೋಡಿದರು. ಹಾಯಿ ಬಿಚ್ಚಿ ಹರವಿದಾಗ ಅದರ ಮೇಲೆ ಉದ್ದ ಕೊಕ್ಕಿನ ಒಂದು ಹಕ್ಕಿಯ ಚಿತ್ರ, ಕೆಳಗೆ ಒಂದು ನಂಬರು. ಅಂದಿನಿಂದ ಊರವರ ಬಾಯಲ್ಲಿ ಅದು ಹಕ್ಕಿದೋಣಿ. ಸದಾಶಿವಪ್ಪನವರು ಮಾತ್ರ ಅದನ್ನು ಆ ಹಕ್ಕಿಯ ಇಂಗ್ಲಿಷ್ ಹೆಸರಿನಿಂದ ಸ್ನೈಪ್ ಎನ್ನುತ್ತಿದ್ದರು.

"ಪ್ರಪಂಚದಲ್ಲಿ ಇಂಥವು ಸಾವಿರಾರಿವೆ ಕಣಯ್ಯ," ಎಂದು ಅವರು ಶಿವನಂಜಯ್ಯನಿಗೆ ಹೇಳಿದರು. "ಎಲ್ಲವೂ ಒಂದೇ ಅಚ್ಚು. ಉದ್ದ, ಅಗಲ, ತೂಕ, ಹಾಯಿ, ಯಾವುದೂ ಒಂದು ಬೆರಳು ಹೆಚ್ಚೂಕಮ್ಮಿ ಇರಕೂಡದು. ದೋಣಿ ಒಂದೇ ಆದಮೇಲೆ ಸೋತವನು ದೋಣೀನ ಬೈಯೋ ಹಂಗಿಲ್ಲ. ಗೆದ್ದೋನು ತಾನೇ ಗೆದ್ದದ್ದು, ಸೋತೋನು ತಾನೇ ಸೋತದ್ದು."

ಶಿವನಂಜಯ್ಯ ಒಕ್ಕಲು ಮನೆಯವನು. ಎರಡೆಕರೆ ಭತ್ತದ ಗದ್ದೆ ಅವನದು. ಆದರೆ ಅವನ ಕೈ ಮರದ ಕೆಲಸಕ್ಕೆ ಒಲಿದಿತ್ತು. ಸುತ್ತಲ ಊರುಗಳ ಗಾಡಿ ಮೂಕಿ, ನೊಗ, ಬಾಗಿಲು ಎಲ್ಲ ಅವನ ಹತ್ತಿರವೇ ಬರುತ್ತಿದ್ದವು. ಸದಾಶಿವಪ್ಪನವರು ಅವನನ್ನು ಕರೆಸಿದ್ದು ಇಂಥದೇ ಇನ್ನೊಂದು ದೋಣಿ ಮಾಡಿಕೊಡು ಎಂದು ಕೇಳುವುದಕ್ಕೆ. ಒಬ್ಬನೇ ಪಂದ್ಯ ಆಡುವುದು ಹೇಗೆ? ಜೊತೆಗೊಂದು ದೋಣಿ ಬೇಕಲ್ಲ.

ಹನೂರಿನ ಕಡೆಯಿಂದ ತೇಗದ ಹಲಗೆ ತರಿಸಿದರು. ಆರು ತಿಂಗಳು ಶಿವನಂಜಯ್ಯ ದೊಡ್ಡ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲಸ ಮಾಡಿದ. ಹಳೆಯ ದೋಣಿಯ ಪ್ರತಿ ಪಕ್ಕೆಗೂ ರಟ್ಟು ಹಿಡಿದು ಆಕಾರ ಕತ್ತರಿಸಿಕೊಂಡ. ಹಲಗೆಯನ್ನು ಬಿಸಿನೀರಿನ ಹಬೆಯಲ್ಲಿಟ್ಟು ಬಗ್ಗಿಸಿದ. ಕೀಸುಳಿ ಹಾಕುವಾಗೆಲ್ಲ ಸದಾಶಿವಪ್ಪನವರು ಅಡಿಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು. ಹಾಯಿಯನ್ನು ಕೊಳ್ಳೇಗಾಲದ ದರ್ಜಿಯೊಬ್ಬ ಹೊಲಿದುಕೊಟ್ಟ. ಹಕ್ಕಿಯ ಚಿತ್ರವನ್ನು ಸದಾಶಿವಪ್ಪನವರ ಹೆಂಡತಿ ಚನ್ನಮಲ್ಲಮ್ಮ ನೀಲಿ ಬಟ್ಟೆಯಲ್ಲಿ ಕತ್ತರಿಸಿ ಅಂಟುಹೊಲಿಗೆ ಹಾಕಿದರು. ಮುಗಿದಾಗ ಎರಡು ದೋಣಿಗಳನ್ನೂ ಅಕ್ಕಪಕ್ಕ ಇಟ್ಟು ತೂಗಿದರು. ಎರಡು ಸೇರಿನಷ್ಟೂ ವ್ಯತ್ಯಾಸವಿರಲಿಲ್ಲ. ಅಂದು ಸದಾಶಿವಪ್ಪನವರು ಶಿವನಂಜಯ್ಯನ ಬೆನ್ನು ತಟ್ಟಿದ್ದನ್ನು ಅವನು ಬಹಳ ಕಾಲ ನೆನೆಯುತ್ತಿದ್ದ.

ಹೊಸ ದೋಣಿ ನಡೆಸಲು ಆಳು ಬೇಕಾದಾಗ ಶಿವನಂಜಯ್ಯನೇ ಹತ್ತಿದ. ಕಟ್ಟಿದವನಿಗೆ ಅದರ ಮೈ ಗೊತ್ತಿತ್ತು. ಗಾಳಿಗೆ ಎದುರಾಗಿ ಹೋಗಬೇಕಾದರೆ ಹಾವಿನಂತೆ ಓರೆಯಾಗಿ ಅತ್ತಿತ್ತ ಹೋಗಬೇಕು ಎಂಬುದನ್ನು ಕಲಿತ. ಗಾಳಿ ಬೆನ್ನ ಹಿಂದಿದ್ದಾಗ ಹಿಂದಿನ ದೋಣಿಯವನು ತನ್ನ ಹಾಯಿಯನ್ನು ಮುಂದಿನವನ ಹಾಯಿಗೆ ಅಡ್ಡ ಹಿಡಿದು ಗಾಳಿ ಕದಿಯಬಹುದು ಎಂಬುದನ್ನು ಕಲಿತ. ಎರಡು ದೋಣಿ ಎದುರುಬದುರಾದರೆ ಯಾರಿಗೆ ಗಾಳಿ ಬಲಮಗ್ಗುಲಿಂದ ಬೀಸುತ್ತದೋ ಅವರಿಗೆ ಇನ್ನೊಬ್ಬರು ಹಾದಿ ಬಿಡಬೇಕು. ಅದಕ್ಕೊಂದು ಕೂಗು ಇಂಗ್ಲಿಷಿನಲ್ಲಿತ್ತು. ಶಿವನಂಜಯ್ಯನ ನಾಲಿಗೆಗೆ ಅದು ಹೊರಳದ್ದರಿಂದ ಸದಾಶಿವಪ್ಪನವರು ಅದನ್ನು "ಬಲಗಾಳಿ" ಎಂದು ಮಾಡಿದರು. ಭಾನುವಾರ ಮಧ್ಯಾಹ್ನ ಹೊಳೆಯ ಮೇಲಿಂದ "ಬಲಗಾಳೀ..." ಎಂಬ ಕೂಗು ಕೇಳಿದರೆ ಬಟ್ಟೆ ಒಗೆಯುವ ಹೆಂಗಸರು ತಲೆಯೆತ್ತಿ ನೋಡುತ್ತಿದ್ದರು.

ಪಂದ್ಯ ಊರಿನ ಸ್ನಾನಘಟ್ಟದ ಕಲ್ಲುಮಂಟಪದಿಂದ ಹೊರಡುತ್ತಿತ್ತು. ಹೊಳೆ ಹರಿಯುವ ಕಡೆಗೆ ತೋಟದ ನಡುಗಡ್ಡೆ ದಾಟಿ, ಸೊಟ್ಟನೆಯ ತಿರುವಿನಾಚೆ ಒಂದು ಬಂಡೆಗೆ ಕಟ್ಟಿದ್ದ ಖಾಲಿ ಟಾರಿನ ಪೀಪಾಯಿಯನ್ನು ಸುತ್ತಿ, ಮತ್ತೆ ಮಂಟಪಕ್ಕೆ ಬರಬೇಕು. ಪೀಪಾಯಿಯಾಚೆ ಅಣೆಯ ಕಲ್ಲುಕಟ್ಟೆ. ಅದರಾಚೆ ಭರಚುಕ್ಕಿಯ ಮೊರೆತ. ಮಂಟಪದಲ್ಲಿ ಪುಟ್ಟಮಾದಪ್ಪ ಮೇಷ್ಟ್ರು ಗಡಿಯಾರ ಹಿಡಿದು ಕೂತು, ಯಾರು ಮೊದಲು ಬಂದರು ಎಂದು ಬರೆದುಕೊಳ್ಳುತ್ತಿದ್ದರು.

ಮೊದಲ ವರ್ಷವೆಲ್ಲ ಶಿವನಂಜಯ್ಯ ಸೋತ. ಎರಡನೆಯ ವರ್ಷ ಗೆಲ್ಲತೊಡಗಿದ.

ಮೊದಲೆರಡು ಸಲ ಸದಾಶಿವಪ್ಪನವರು ನಕ್ಕರು. ಮೂರನೆಯ ಸಲ ನಗಲಿಲ್ಲ. ನಾಲ್ಕನೆಯ ಸಲ ಹೊಸ ದೋಣಿಯನ್ನು ದಡಕ್ಕೆ ಎಳೆಸಿ ಮತ್ತೆ ಅಳತೆ ಮಾಡಿದರು. ಎಲ್ಲ ಸರಿಯಾಗಿತ್ತು. ಆದರೂ ಮುಂದಿನ ವಾರ ಊರವರೆದುರು ಹೇಳಿಬಿಟ್ಟರು:

"ತಳದ ಹಲಗೆ ತೆಳ್ಳಗೆ ಕೀಸಿದ್ದೀಯ. ನೀರೊಳಗಿನ ಭಾಗ ಯಾರು ನೋಡ್ತಾರೆ ಅಂತ."

"ದೇವರಾಣೆಗೂ ಇಲ್ಲ ಸಾ," ಎಂದ ಶಿವನಂಜಯ್ಯ. "ನೀವೇ ಪಕ್ಕದಾಗೆ ಕುಂತಿದ್ರಲ್ಲ ಸಾ. ತೂಕ ಮಾಡಿಸಿದ್ದೂ ನೀವೆ."

"ಬಡಗಿ ಕೆಲಸದಲ್ಲಿ ನಿನಗೆ ಗೊತ್ತಿರೋ ಮೋಸ ನನಗೆ ಗೊತ್ತಾಗುತ್ತೇನಯ್ಯ?"

ಮೋಸ ಎಂಬ ಮಾತು ಊರಲ್ಲಿ ಸುತ್ತಿತು. ಬಾಗಿಲು ಮಾಡಿಸಲು ಬಂದವರು ಕೂಡ ನಗೆಯಾಡುತ್ತ "ಹಲಗೆ ದಪ್ಪ ಸರೀಗೈತಾ?" ಎಂದು ಕೇಳುವಂತಾಯಿತು. ಶಿವನಂಜಯ್ಯನಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ಅವನೇ ಹೋಗಿ ಕೇಳಿಕೊಂಡ. "ಒಂದ್ಸಲ ದೋಣಿ ಬದಲಾಯ್ಸಿಕಳಣ ಸಾ. ನಾನು ಕಟ್ಟಿದ್ದ ನೀವು ತಕಳಿ, ಮದ್ರಾಸಿಂದ ಬಂದದ್ದ ನಾನು ತಕತೀನಿ. ಅದರಾಗೂ ನಾನೇ ಮುಂದೆ ಬಂದ್ರೆ ಆ ಮಾತು ವಾಪಸ್ ತಕಬೇಕು." ಸದಾಶಿವಪ್ಪನವರು ಒಪ್ಪಿದರು.

ಅದು ಐವತ್ತೊಂಬತ್ತರ ಆಷಾಢ. ಕಬಿನಿಯ ಹೊಸ ನೀರು ಬಂದು ಹೊಳೆ ಕೆಂಪಾಗಿತ್ತು. ಪಡುವಣ ಗಾಳಿ ಕಬ್ಬನ್ನು ನೆಲಕ್ಕೆ ಒರಗಿಸುತ್ತಿತ್ತು. ಇಬ್ಬರು ಕೂರಬೇಕಾದ ದೋಣಿ ಅದು. ಎರಡನೆಯ ಆಳಿಲ್ಲದ್ದರಿಂದ ಇಬ್ಬರೂ ಭಾರಕ್ಕೆಂದು ಮರಳಿನ ಮೂಟೆ ಇಟ್ಟುಕೊಳ್ಳುತ್ತಿದ್ದರು. ಮೇಷ್ಟ್ರು "ಇವತ್ತು ಬೇಡ, ನೀರು ನೋಡಿ" ಎಂದರು. ಇಬ್ಬರೂ ಕೇಳಲಿಲ್ಲ.

ಆಮೇಲೆ ಶಿವನಂಜಯ್ಯ ಎಲ್ಲರಿಗೂ ಹೇಳಿದ್ದು ಇಷ್ಟು. ಪೀಪಾಯಿ ಸುತ್ತಿ ತಾನು ಮುಂದೆ ಬಂದೆ. ತಿರುವು ಕಳೆದದ್ದರಿಂದ ಹಿಂದಿನ ದೋಣಿ ಕಾಣಲಿಲ್ಲ. ಮಂಟಪ ಮುಟ್ಟಿ ತಿರುಗಿ ನೋಡಿದಾಗ ಅವರು ಬಂದಿರಲಿಲ್ಲ. ಆಗ ದೋಣಿ ತಿರುಗಿಸಿ ಹೋದೆ. ಹೊಸ ದೋಣಿ ಮಗುಚಿ, ಮರಳಿನ ಭಾರಕ್ಕೆ ಅರ್ಧ ಮುಳುಗಿ ಕಟ್ಟೆಯ ಕಡೆಗೆ ತೇಲುತ್ತಿತ್ತು. ಇಂಜಿನಿಯರ್ ಸಾಹೇಬರು ಇರಲಿಲ್ಲ.

ಮೂರನೆಯ ದಿನ ಹೆಣ ಕಟ್ಟೆಯ ಮೇಲುಗಡೆ ಜೊಂಡಿನಲ್ಲಿ ಸಿಕ್ಕಿತು. ದೊಡ್ಡ ಮನೆಯವರ ತೋಟದಲ್ಲಿ ಸಮಾಧಿ ಮಾಡಿದರು. ಹೊಸ ದೋಣಿ ಕಟ್ಟೆಗೆ ಬಡಿದು ಚೂರಾಗಿತ್ತು. ಊರಲ್ಲಿ ಮೊದಲು ಎಲ್ಲರೂ ಅತ್ತರು. ಆಮೇಲೆ ಪಿಸುಮಾತು ಹುಟ್ಟಿತು. ಮದ್ರಾಸಿನ ಸಮುದ್ರದಲ್ಲಿ ಈಜಿದ ಮನುಷ್ಯ ಹೊಳೆಯಲ್ಲಿ ಮುಳುಗುವುದೆಂದರೇನು? ಊರಿಗೆ ಬಂದ ಮೇಲೆ ಅವರ ಮುಖದಲ್ಲಿ ಗೆಲುವೇ ಇರಲಿಲ್ಲ. ಮಕ್ಕಳಿಲ್ಲ. ಅವರೇ ಕೈಕಾಲು ಬಿಟ್ಟಿರಬೇಕು. ಈ ಮಾತು ಶಿವನಂಜಯ್ಯನ ಕಿವಿಗೂ ಬಿತ್ತು. ಅವನು ಸುಮ್ಮನಿದ್ದ.

ನಾಲ್ಕು ವರ್ಷ ಅವನು ಹೊಳೆಗೆ ಹೋಗಲಿಲ್ಲ. ಸ್ನಾನಕ್ಕೂ ಬಾವಿಯ ನೀರೇ. ಹಳೆಯ ಹಕ್ಕಿದೋಣಿ ದೊಡ್ಡ ಮನೆಯ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿತ್ತು.

ಅರವತ್ತಮೂರರಲ್ಲಿ ಚನ್ನಮಲ್ಲಮ್ಮ ಅವನಿಗೆ ಹೇಳಿಕಳಿಸಿದರು. ಜಮೀನನ್ನೆಲ್ಲ ಈಗ ಆಕೆಯೇ ನೋಡಿಕೊಳ್ಳುತ್ತಿದ್ದರು. ನಲವತ್ತು ದಾಟಿರಲಿಲ್ಲ, ಹಣೆಯ ತುಂಬ ವಿಭೂತಿ, ಎತ್ತರದ ಗಟ್ಟಿ ದನಿ. ನಡುಗಡ್ಡೆಗೆ ಹರಿಗೋಲು ಹಾಕುತ್ತಿದ್ದ ರಂಗನಾಯಕ ಮಗಳ ಊರು ಸೇರಿಬಿಟ್ಟಿದ್ದ. ತೆಂಗಿನಕಾಯಿ ಕೀಳಿಸಿ ತರುವವರಿರಲಿಲ್ಲ.

"ದೋಣಿ ಗೆದ್ದಲು ಹಿಡಿಯೋಕೆ ಮೊದ್ಲು ರಿಪೇರಿ ಮಾಡು ನಂಜಯ್ಯ," ಎಂದರು. "ನನ್ನ ತೋಟಕ್ಕೆ ಓಗಿ ಬರೋಕೆ ಬೇಕು. ನಡೆಸೋಕೆ ನಿನ್ನ ಬಿಟ್ರೆ ಯಾರಿಗೂ ಬರಲ್ಲ."

"ನನ್ನ ಕೈಲಿ ಆಗಲ್ಲ ಅವ್ವಾರೇ."

"ಯಾಕೆ?"

ಅವನು ಎದ್ದು ಮನೆಗೆ ಬಂದ. ಮರುದಿನ ಉಳಿ ತೆಗೆದುಕೊಂಡು ಕೊಟ್ಟಿಗೆಗೆ ಹೋದ.

ಮೊದಲ ಕೆಲವು ತಿಂಗಳು ಏನೂ ಆಗಲಿಲ್ಲ. ಕಾರ್ತೀಕದಿಂದ ಬೇಸಗೆಯವರೆಗೆ ಹೊಳೆ ತಣ್ಣಗಿತ್ತು, ಗಾಳಿ ಸಣ್ಣಗಿತ್ತು. ಆಷಾಢ ಬಂತು. ಒಂದು ಮಧ್ಯಾಹ್ನ ಶಿವನಂಜಯ್ಯ ಒಬ್ಬನೇ ನಡುಗಡ್ಡೆಗೆ ಹೊರಟಿದ್ದ. ಗಾಳಿ ಬೆನ್ನ ಹಿಂದೆ. ಹಾಯಿ ಬಿಗಿದು, ದೋಣಿಯ ಮೂತಿಯಲ್ಲಿ ನೊರೆ ಏಳುತ್ತಿತ್ತು. ಇದ್ದಕ್ಕಿದ್ದಂತೆ ಹಾಯಿ ಸೋತು ಜೋತುಬಿತ್ತು. ಅವನು ಗಾಳಿ ನಿಂತಿತೆಂದುಕೊಂಡು ದಡದತ್ತ ನೋಡಿದ. ದಡದ ಬಿದಿರು ಬಾಗಿ ನೀರು ಮುಟ್ಟುತ್ತಿತ್ತು. ಅವನ ಎರಡೂ ಮಗ್ಗುಲಿಗೆ ನೀರಿನ ಮೇಲೆ ಗಾಳಿಯ ಸುಕ್ಕು ಓಡುತ್ತಿತ್ತು. ದೋಣಿ ಇದ್ದ ಜಾಗದಲ್ಲಿ ಮಾತ್ರ ನೀರು ಎಣ್ಣೆ ಹೊಯ್ದಂತೆ ನುಣ್ಣಗಿತ್ತು.

ಹೀಗಾಗುವುದು ಯಾವಾಗ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನಿಂದ ಇನ್ನೊಂದು ದೋಣಿ ಬಂದು ಗಾಳಿಗೆ ಅಡ್ಡ ಹಾಯಿ ಹಿಡಿದಾಗ.

ಅವನು ತಿರುಗಿ ನೋಡಲಿಲ್ಲ. ಕುತ್ತಿಗೆ ತಿರುಗಲೇ ಇಲ್ಲ. ಬೆನ್ನ ಹಿಂದೆ, ಬಹಳ ಹತ್ತಿರದಲ್ಲಿ, ಬಟ್ಟೆ ಗಾಳಿಗೆ ಪಟಪಟ ಎನ್ನುವ ಸದ್ದು. ದೋಣಿಯ ಮೂತಿಗೆ ನೀರು ಬಡಿಯುವ ಸದ್ದು. ಅವನ ದೋಣಿ ನಿಂತೇ ಇತ್ತು. ಎಷ್ಟು ಹೊತ್ತಾಯಿತೋ. ಆಮೇಲೆ ಹಾಯಿ ಒಮ್ಮೆಗೇ ತುಂಬಿಕೊಂಡು ದೋಣಿ ಹಾರಿದಂತೆ ಮುಂದೆ ಹೋಯಿತು. ತೋಟ ಮುಟ್ಟಿದ ಮೇಲೆ ಅವನು ಹಿಂತಿರುಗಿ ನೋಡಿದ. ಕೆಂಪು ಹೊಳೆಯ ಮೇಲೆ ಯಾರೂ ಇರಲಿಲ್ಲ.

ಆ ವರ್ಷ ಐದಾರು ಸಲ ಹಾಗಾಯಿತು. ಯಾವಾಗಲೂ ಆಷಾಢದ ಗಾಳಿಯಲ್ಲಿ, ಯಾವಾಗಲೂ ಹಾಡಹಗಲಲ್ಲಿ, ನಡುಗಡ್ಡೆಗೆ ಸ್ವಲ್ಪ ಮೇಲೆ. ಮರುವರ್ಷವೂ ಆಯಿತು. ಅದರ ಮರುವರ್ಷ ಕೂಗೂ ಕೇಳತೊಡಗಿತು. "ಬಲಗಾಳೀ..." ಎಂದು. ಕೂಗು ಕೇಳಿದ ಕೂಡಲೇ ಶಿವನಂಜಯ್ಯನ ಕೈ ತಾನಾಗಿ ಚುಕ್ಕಾಣಿ ತಳ್ಳಿ ಹಾದಿ ಬಿಡುತ್ತಿತ್ತು. ಒಮ್ಮೆ ಕಾಯಿ ಕೀಳುವ ಕೆಂಪನಂಜಪ್ಪ ದೋಣಿಯಲ್ಲಿದ್ದಾಗ ಹೀಗಾಗಿ, ಅವನು ನೀರಿಗೆ ಬೀಳುವುದರಲ್ಲಿದ್ದ.

"ಏನ್ಲಾ ಇದು, ಯಾರಿಗ್ಲಾ ದಾರಿ ಬುಡ್ತಿದ್ದೀಯ?" ಎಂದು ಅವನು ಕಿರುಚಿದ. "ಒಳೆಲಿ ಯಾರವ್ರೆ?"

"ಮರದ ದಿಮ್ಮಿ ಬಂತು ಕಣ್ಲಾ," ಎಂದ ಶಿವನಂಜಯ್ಯ.

ಕೆಂಪನಂಜಪ್ಪ ಆಮೇಲೆ ಆ ದೋಣಿ ಹತ್ತಲಿಲ್ಲ. ಊರಲ್ಲಿ ಹೇಳಿಕೊಂಡೂ ಬಂದ. ಚೆಲುವಮ್ಮ ಗಂಡನನ್ನು ಹಿಡಿದು ಕೇಳಿದಳು. ಯಳಂದೂರಿನ ತವರಿಗೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದಳು. ಶಿವನಂಜಯ್ಯ ಕಟ್ಟಿಸಿಕೊಂಡ. ತಾಯತ ತೋಳಲ್ಲಿದ್ದಾಗಲೇ ಮತ್ತೆ ಹಾಯಿ ಜೋತುಬಿತ್ತು. ಅವನು ಮೆಲ್ಲನೆ ಸೊರಗಿದ. ಆದರೂ ದೋಣಿ ಬಿಡಲಿಲ್ಲ. ಬಿಡು ಎಂದು ಹೆಂಡತಿ ಅತ್ತರೂ ಬಿಡಲಿಲ್ಲ. ಯಾಕೆಂದು ಅವಳಿಗೂ ಅರ್ಥವಾಗಲಿಲ್ಲ. ತಾನು ಹೋಗದಿದ್ದರೆ ಅವರು ಆ ಹೊಳೆಯಲ್ಲಿ ಒಬ್ಬರೇ ಇರುತ್ತಾರೆ ಎಂದು ಅವನ ಮನಸ್ಸಿನಲ್ಲಿ ಇದ್ದದ್ದನ್ನು ಹೇಳುವುದು ಹೇಗೆ?

ಅರವತ್ತೇಳರ ಆಷಾಢದಲ್ಲಿ ಚನ್ನಮಲ್ಲಮ್ಮ ತಾವೇ ತೋಟಕ್ಕೆ ಹೊರಟರು. ಹೊಸ ಸಸಿ ನೆಡುವ ಜಾಗ ಗುರುತು ಮಾಡಬೇಕಿತ್ತು. ಅಲ್ಲಿಯವರೆಗೆ ಮಳೆಗಾಲದಲ್ಲಿ ಆಕೆ ದೋಣಿ ಹತ್ತಿದವರಲ್ಲ. ಶಿವನಂಜಯ್ಯ ಬೇಡವೆಂದು ಮೂರು ಸಲ ಹೇಳಿ ನೋಡಿದ.

"ಬೇಸಗೇಲಿ ಬನ್ನಿ ಅವ್ವಾರೇ. ಈಗ ಗಾಳಿ ಸರೀಗಿಲ್ಲ."

"ಊರೆಲ್ಲ ಏನು ಮಾತಾಡ್ತದೆ ಅಂತ ನನಗೂ ಗೊತ್ತು. ನಡಿ," ಎಂದು ಅವರು ಸೀರೆ ಎತ್ತಿಕಟ್ಟಿ ದೋಣಿಯ ನಡುಹಲಗೆಯ ಮೇಲೆ ಕೂತರು.

ಮಂಟಪ ದಾಟಿದರು. ಗಾಳಿ ಶಿವನಂಜಯ್ಯನ ಬೆನ್ನಿಗೆ ಬಡಿಯುತ್ತಿತ್ತು. ಚನ್ನಮಲ್ಲಮ್ಮನ ಸೆರಗು ಹೆಗಲಿಂದ ಹಿಂದಕ್ಕೆ ಹಾರಿ ಹಾರಿ ಹೋಗುತ್ತಿತ್ತು. ಆಕೆ ಅದನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಡುಗಡ್ಡೆಯ ತೆಂಗಿನ ಮರಗಳು ಕಂಡವು. ಆಗ ಸೆರಗು ಸುಮ್ಮನೆ ಕೆಳಗಿಳಿಯಿತು. ಹಾಯಿ ಜೋತಿತು.

ಶಿವನಂಜಯ್ಯ ಕಣ್ಣು ಮುಚ್ಚಿದ.

ಚನ್ನಮಲ್ಲಮ್ಮ ದಡದ ಬಿದಿರನ್ನು ನೋಡಿದರು. ನೀರನ್ನು ನೋಡಿದರು. ಆಕೆ ಕೂತಿದ್ದು ಹಿಂದುಮುಖವಾಗಿ, ಶಿವನಂಜಯ್ಯನಿಗೆ ಎದುರಾಗಿ. ಅವನ ಹೆಗಲ ಮೇಲಿಂದ ಹಿಂದಕ್ಕೆ ಬಹಳ ಹೊತ್ತು ನೋಡಿದರು.

"ಏನಾದ್ರೂ ಕಾಣ್ತಾ ಅವ್ವಾರೇ?" ಅವನು ಕಣ್ಣು ತೆರೆಯದೆ ಕೇಳಿದ.

"ಏನೂ ಇಲ್ಲ." ಕಿವಿಗೊಟ್ಟು, "ಸದ್ದು ಮಾತ್ರ ಐತೆ," ಎಂದರು. "ಹಾಯಿ ಬಡಿಯೋ ಸದ್ದು. ನಮ್ಮ ಹಾಯಿ ಅಲ್ಲಾಡ್ತಿಲ್ಲ ನಂಜಯ್ಯ. ಯಾವುದು ಅದು?"

ಆ ಸದ್ದು ಇನ್ನೊಬ್ಬರ ಕಿವಿಗೂ ಬಿತ್ತು ಎಂದಾಗ ಶಿವನಂಜಯ್ಯನೊಳಗೆ ಏನೋ ಕಡಿದುಹೋಯಿತು. ಅವನು ಚುಕ್ಕಾಣಿ ಬಿಟ್ಟು ಎರಡೂ ಕೈ ಮುಗಿದ.

"ಅವತ್ತು ನಾನು ಸುಳ್ಳೇಳ್ದೆ ಅವ್ವಾರೇ. ತಿರುವಿನಾಗೆ ಕಾಣ್ಲಿಲ್ಲ ಅಂದೆನಲ್ಲ, ಸುಳ್ಳು. ತಿರುವಿಗಿನ್ನೂ ಬಂದೇ ಇರ್ನಿಲ್ಲ. ಇಂದೆ ತಿರುಗಿ ನೋಡ್ದೆ. ಅವರ ಹಾಯಿ ಇರ್ನಿಲ್ಲ. ಕೂಗಿದ್ದೂ ಕೇಳ್ತು."

ಚನ್ನಮಲ್ಲಮ್ಮ ಅಲುಗಾಡಲಿಲ್ಲ. "ಏನಂತ ಕೂಗಿದ್ರು?"

"ಬಲಗಾಳಿ ಅಂದಿರಬೇಕು ಅಂತ ಮನಸಿಗೆ ಏಳ್ಕಂಡೆ. ಹಾದಿ ಕೇಳ್ತಾವ್ರೆ ಅಂದ್ಕಂಡೆ. ಬಲಗಾಳಿ ಅಲ್ಲ ಅವ್ವಾರೇ. ನನ್ನ ಎಸರಿಡಿದು ಕೂಗಿದ್ರು. ನಂಜಯ್ಯಾ, ಬಾರಯ್ಯಾ ಅಂತ. ಎರಡು ಸಲ." ಅವನು ಬಿಕ್ಕಳಿಸಿದ. "ದೋಣಿ ತಿರುಗಿಸಿದ್ರೆ ಗಾಳಿ, ನೀರು ಎರಡೂ ಆ ಕಡೀಕೆ. ಒಂದು ಎಲಡಿಕೆ ಆಕ್ಕಳೋ ಒತ್ತಿನಾಗೆ ಅಲ್ಲಿರ್ತಿದ್ದೆ. ಆದ್ರೆ ಮಂಟಪ ಮುಟ್ಬೇಕಾಗಿತ್ತು ನನಗೆ. ಮೋಸಗಾರ ಅಂದಿದ್ರಲ್ಲ. ಅವತ್ತು ಗೆಲ್ಲಲೇಬೇಕಾಗಿತ್ತು. ಈಜು ಬತ್ತದಲ್ಲ, ದೋಣಿ ಇಡ್ಕಂಡು ತೇಲ್ತಾರೆ ಬುಡು ಅಂದ್ಕಂಡೆ. ಮಂಟಪ ಮುಟ್ಟಿ, ಮೇಷ್ಟ್ರು ಕೈಯೆತ್ತಿದ್ದ ನೋಡ್ಕಂಡು, ಆಮೇಕೆ ತಿರುಗಿಸ್ದೆ."

"ಆಗ ಇರಲಿಲ್ಲ."

"ಇದ್ರು ಅವ್ವಾರೇ." ಇದನ್ನು ಹೇಳುವಾಗ ಅವನು ತಲೆ ಎತ್ತಲಿಲ್ಲ. "ಹಾಯಿ ಕೆಳಗಿದ್ರು. ಹಾಯಿ ಅಗ್ಗ ಕಾಲಿಗೆ ಸುತ್ಕಂಡು ಬಿಗಿದಿತ್ತು. ಬಿಚ್ಚೋಕೆ ನೋಡಿದ್ರು ಅಂತ ಕಾಣ್ತದೆ, ಬೆರಳಿನ ಉಗುರೆಲ್ಲ ಕಿತ್ತೋಗಿತ್ತು. ಉಸಿರಿರ್ನಿಲ್ಲ. ನಾನು ಅಗ್ಗ ಕುಯ್ದೆ. ಇಡ್ಕಳೋಕೆ ಮೊದ್ಲೆ ನೀರು ಎಳ್ಕಂಡೋಯ್ತು. ಒಂದು ಚಣ ಮೊದ್ಲು ಬಂದು ಕುಯ್ದಿದ್ರೆ ಬದುಕ್ತಿದ್ರು ಅಂತ ಎಲ್ರಿಗೂ ತಿಳೀತದೆ ಅಂತ ಅಗ್ಗದ ಮಾತೇ ಎತ್ನಿಲ್ಲ."

ದೋಣಿ ಹರಿವಿನಲ್ಲಿ ಮೆಲ್ಲಗೆ ಅಡ್ಡಡ್ಡ ತೇಲುತ್ತಿತ್ತು. ಆಕೆ ಬೈಯುತ್ತಾರೆ, ಅಥವಾ ಹುಟ್ಟುಗೋಲಿನಿಂದ ಹೊಡೆಯುತ್ತಾರೆ ಎಂದು ಅವನು ಕಾದ. ಚನ್ನಮಲ್ಲಮ್ಮ ಮಾತಾಡಿದಾಗ ದನಿಯಲ್ಲಿ ಆ ಗಟ್ಟಿತನ ಇರಲಿಲ್ಲ.

"ಬಿಚ್ಚೋಕೆ ನೋಡಿದ್ರಾ? ದಿಟವಾಗ್ಲೂ?"

"ಊ ಅವ್ವಾರೇ."

"ಬಾ ಅಂತ ಕೂಗಿದ್ರಾ?"

"ಕೂಗಿದ್ರು."

ಚನ್ನಮಲ್ಲಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಗಂಡ ಸತ್ತಾಗಲೂ ಆಕೆ ಹೀಗೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಳು ಸ್ವಲ್ಪ ನಿಂತ ಮೇಲೆ ಹೇಳಿದರು:

"ಅವತ್ತು ಬೆಳಗ್ಗೆ ಜಗಳ ಆಡಿದ್ವಿ. ಮನೇಲಿದ್ರೂ ದೋಣಿ ಮಾತೇ. ಊಟ ಮಾಡ್ತಿರಲಿಲ್ಲ, ನಗ್ತಿರಲಿಲ್ಲ, ಮದ್ರಾಸು ಮದ್ರಾಸು ಅಂತ ಕೊರಗು. ನನಗೆ ರೋಸಿ ಓಗಿತ್ತು. ಓಗಿ, ಆ ಒಳೆಗೇ ಓಗಿ ಬಿದ್ಕಳಿ ಅಂದುಬಿಟ್ಟೆ. ಅದೇ ಕಡೇ ಮಾತು. ಎಂಟು ವರ್ಷದಿಂದ ಊರವರು ಅವರೇ ಕೈಕಾಲು ಬಿಟ್ರು ಅಂತಾರಲ್ಲ, ನಾನೂ ಅಂಗೇ ಅಂದ್ಕಂಡಿದ್ದೆ. ನನ್ನ ಮಾತು ಇಡ್ಕಂಡು ಓದ್ರು ಅಂತ. ಪೂಜೆಗೆ ಕುಂತ್ರೆ ಅದೇ. ಅನ್ನ ಕಲಸಿದ್ರೆ ಅದೇ."

ತಾನು ಮುಚ್ಚಿಟ್ಟ ಮಾತಿನ ಕೆಳಗೆ ಇನ್ನೊಂದು ಜೀವ ಇಷ್ಟು ವರ್ಷ ನರಳಿತ್ತು ಎಂಬುದು ಶಿವನಂಜಯ್ಯನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ನನ್ನ ಹೊಟ್ಟೆಗೆ ತಂಪಾಯ್ತು ಅಂತ ನಿನ್ನ ತಪ್ಪು ಕಮ್ಮಿ ಆಗಲ್ಲ," ಎಂದರು ಚನ್ನಮಲ್ಲಮ್ಮ, ಕಣ್ಣೊರೆಸಿಕೊಂಡು. ದನಿ ಮತ್ತೆ ಗಟ್ಟಿಯಾಗಿತ್ತು. "ಅದನ್ನ ಮನ್ನಿಸೋಕೆ ನಾನು ಯಾರು? ಕೂಗಿದ್ದು ನನ್ನನ್ನಲ್ಲ. ಪೀಪಾಯಿ ಇದ್ದ ಜಾಗಕ್ಕೆ ನಡಿ."

"ಅಲ್ಲಿ ನೀರು ಕೆಟ್ಟದ್ದು ಅವ್ವಾರೇ."

"ನಡಿ ಅಂದೆ."

ಹಾಯಿ ಇನ್ನೂ ಸತ್ತಂತಿತ್ತು. ಅವನು ಹುಟ್ಟು ಹಾಕಿದ. ನಡುಗಡ್ಡೆ ದಾಟಿದರು, ತಿರುವು ದಾಟಿದರು. ಪೀಪಾಯಿ ಎಂದೋ ಕೊಚ್ಚಿಹೋಗಿತ್ತು. ಬಂಡೆಯ ತುದಿ ಮಾತ್ರ ಕೆಂಪು ನೀರಿನಲ್ಲಿ ಕಾಣುತ್ತಿತ್ತು. ಭರಚುಕ್ಕಿಯ ಮೊರೆತ ಎದೆಗೆ ಬಡಿಯುತ್ತಿತ್ತು. ಶಿವನಂಜಯ್ಯ ಬಂಡೆಗೆ ಹಗ್ಗ ಎಸೆದು ದೋಣಿ ನಿಲ್ಲಿಸಿದ.

"ಕರೆದಾಗ ನೀನು ಓಗೊಡಲಿಲ್ಲ," ಎಂದರು ಚನ್ನಮಲ್ಲಮ್ಮ. "ಈಗ ಕೊಡು."

ಅವನು ಎದ್ದು ಹಾಯಿಕಂಬ ಹಿಡಿದು ನಿಂತ. ಕೂಗಿದ. "ಓ... ಬಂದೇ ಸಾ! ಬಂದೇ...!"

ಕೂಗು ಅಣೆಯ ಕಡೆ ಹೋಯಿತು. ಏನೂ ಆಗಲಿಲ್ಲ. ಬೆಳ್ಳಕ್ಕಿಯೊಂದು ಬಂಡೆಯಿಂದ ಎದ್ದು ಹೋಯಿತು. ಅವನು ಮತ್ತೆ ಕೂಗಿದ, ಮತ್ತೆ ಕೂಗಿದ, ದನಿ ಒಡೆಯುವವರೆಗೆ ಕೂಗಿದ. ಚನ್ನಮಲ್ಲಮ್ಮ ಸಾಕು ಎನ್ನಲಿಲ್ಲ. ಕೊನೆಗೆ ಅವನಾಗಿಯೇ ಕುಸಿದು ಕೂತ. ಆಗ ಆಕೆ ಸೊಂಟದ ಗಂಟಿನಿಂದ ವಿಭೂತಿ ತೆಗೆದು, ಒಂದಿಷ್ಟು ನೀರಿಗೆ ಬಿಟ್ಟು, ಉಳಿದದ್ದನ್ನು ಹಣೆಗಿಟ್ಟುಕೊಂಡರು. ಅವನಿಗೆ ಕೊಡಲಿಲ್ಲ.

ಹಿಂದಿರುಗುವಾಗ ಹಾಯಿ ಮತ್ತೆ ತುಂಬಿತ್ತು, ಗಾಳಿ ಎದುರಿಗಿತ್ತು. ಓರೆಯೋರೆಯಾಗಿ ಹತ್ತಿಕೊಂಡು ಬರಬೇಕಾಯಿತು. ದೋಣಿ ವಾಲಿದಾಗೆಲ್ಲ ಚನ್ನಮಲ್ಲಮ್ಮ ಹೇಳಿಸಿಕೊಳ್ಳದೆ ಎತ್ತರದ ಮಗ್ಗುಲಿಗೆ ಸರಿದು ಕೂರುತ್ತಿದ್ದರು. ಗಂಡನ ಜೊತೆ ಎಂದೋ ಕೂತು ಕಲಿತದ್ದಿರಬೇಕು. ಮಂಟಪ ಮುಟ್ಟುವ ಹೊತ್ತಿಗೆ ಇಬ್ಬರೂ ನೆನೆದು ತೊಪ್ಪೆಯಾಗಿದ್ದರು. ಇಳಿಯುವಾಗ ಆಕೆ ಹೇಳಿದರು:

"ಇನ್ನು ನಮ್ಮನೆ ಜಗಲಿ ಅತ್ತಬೇಡ. ನಮ್ಮನೆ ಊಟ ನಿನಗಿಲ್ಲ. ಆದ್ರೆ ನಾಳೆ ಸಸಿ ತಕಂಡು ಓಗಬೇಕು. ಬೆಳಗ್ಗೆ ದೋಣಿ ತಕಂಡು ಬಾ."

ಶಿವನಂಜಯ್ಯ ಹಾಗೆಯೇ ನಡೆದುಕೊಂಡ. ಆ ಸಂಜೆಯೇ ಚೆಲುವಮ್ಮನಿಗೆ ಎಲ್ಲ ಹೇಳಿದ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನ ತೋಳಿನ ತಾಯತ ಬಿಚ್ಚಿ ತೆಗೆದಳು. ಪುಟ್ಟಮಾದಪ್ಪ ಮೇಷ್ಟ್ರ ಮನೆಗೂ ಹೋಗಿ ಹೇಳಿದ. ಅವರು ಆ ದಿನದ ಪಂದ್ಯ ಬರೆದ ಹಾಳೆಯನ್ನು ಹುಡುಕಿ ತೆಗೆದು ಅವನ ಮುಂದೆಯೇ ಒಲೆಗೆ ಹಾಕಿದರು. ಮೋಸಗಾರ ಎಂದು ಊರಲ್ಲಿ ಮತ್ತೆ ಮಾತು ಹುಟ್ಟಿತು. ಬಾಗಿಲು ಮಾಡಿಸುವವರು ಕೆಲವರು ಬೇರೆಯವರ ಹತ್ತಿರ ಹೋದರು. ಅವನು ಈ ಸಲ ಆಣೆ ಹಾಕಲಿಲ್ಲ. ಸದಾಶಿವಪ್ಪನವರು ತಾವೇ ಜೀವ ಬಿಟ್ಟರು ಎಂಬ ಮಾತು ಮಾತ್ರ ಅಲ್ಲಿಗೆ ನಿಂತಿತು.

ಚನ್ನಮಲ್ಲಮ್ಮ ಆಮೇಲೆ ಹನ್ನೊಂದು ವರ್ಷ ಆ ದೋಣಿಯಲ್ಲೇ ತೋಟಕ್ಕೆ ಹೋಗಿ ಬಂದರು. ಬೇರೆಯವರು ಹರಿಗೋಲು ಹಾಕುತ್ತೇವೆಂದರೂ ಒಪ್ಪಲಿಲ್ಲ. ದೋಣಿಯಲ್ಲಿ ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ಕೂಗು ಮತ್ತೆ ಕೇಳಲಿಲ್ಲ. ಆದರೆ ಆಷಾಢದಲ್ಲಿ ಒಂದೆರಡು ಸಲ ನಡುಗಡ್ಡೆಗೆ ಸ್ವಲ್ಪ ಮೇಲೆ, ಬಿದಿರು ಬಾಗುತ್ತಿರುವಾಗಲೇ, ಹಾಯಿ ಜೋತುಬೀಳುತ್ತಿತ್ತು. ಶಿವನಂಜಯ್ಯ ಹುಟ್ಟು ಮುಟ್ಟುತ್ತಿರಲಿಲ್ಲ. ಚುಕ್ಕಾಣಿಯನ್ನು ಸ್ವಲ್ಪ ತಳ್ಳಿ ದೋಣಿಯನ್ನು ಒಂದು ಮಗ್ಗುಲಿಗೆ ಸರಿಸಿ, "ಮುಂದೆ ಓಗಿ ಸಾ" ಎನ್ನುತ್ತಿದ್ದ. ಚನ್ನಮಲ್ಲಮ್ಮ ನೀರಿನ ಕಡೆ ನೋಡುತ್ತ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಸೆರಗು ಅಲುಗುತ್ತಿತ್ತು.